ಅಳುವುದಕ್ಕೊಂದು ಜಾಗ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರಿಗೆ ನೋಯುತ್ತಿದ್ದದ್ದು ಹಲ್ಲು. ಕಿವಿ ಚುರುಕಾಗಿಯೇ ಇತ್ತು. ಡಾಕ್ಟರ ಕೋಣೆಯಿಂದ ಹಸಿಬಾಣಂತಿಯೊಬ್ಬಳು ಹೊರಬಂದು, ಮಗುವನ್ನಿಟ್ಟುಕೊಂಡು ಕಾಯುತ್ತಿದ್ದ ಓರಗಿತ್ತಿಯ ಪಕ್ಕ ಕುಳಿತಳು.

“ಏನಂದ್ರು ಡಾಕ್ಟ್ರು?”

“ಹೆರಿಗೆ ಆದ್ಮೇಲೆ ಮನಸ್ಸು ಹೀಗೆ ಕುಗ್ಗೋದು ಒಂದು ಕಾಯಿಲೆಯಂತೆ, ಅಕ್ಕಾ. ಅಳು ಬಂದ್ರೆ ತಡೀಬೇಡ, ಅತ್ತುಬಿಡು ಅಂದ್ರು.”

“ಎಲ್ಲಿ ಅಂತ ಹೇಳಿದ್ರಾ?”

“ಇಲ್ಲ.”

“ಇರೋದೊಂದು ರೂಮು, ಅದ್ರಲ್ಲಿ ಏಳು ಜನ. ಬಚ್ಚಲಲ್ಲಿ ಅತ್ತು ನೋಡಿದ್ಯಾ?”

“ನಲ್ಲಿ ಬಿಟ್ಕೊಂಡು ಅತ್ತು ನೋಡ್ದೆ. ನೀರು ಪೋಲು ಮಾಡ್ತೀಯ ಅಂತ ಮಾವ ಬೈದ್ರು.”

ಓರಗಿತ್ತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಇನ್ನೊಂದು ವಾರ ತಡ್ಕೊ. ಫ್ಯಾಕ್ಟರಿಗೆ ವಾಪಸ್ ಬರ್ತೀಯಲ್ಲ, ಹೊಲಿಗೆ ಮಿಷನ್ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ. ನಾನು ಎರಡು ಬಾಣಂತನದ್ದೂ ಅಲ್ಲೇ ಅತ್ತು ಮುಗಿಸ್ದೆ.”

“ಹೊಲಿಯೋ ಬಟ್ಟೆ ಒದ್ದೆ ಆಗಲ್ವಾ?”

“ಇಸ್ತ್ರಿಯವರು ಇದಾರಲ್ಲ, ಒಣಗಿಸ್ತಾರೆ” ಎನ್ನುತ್ತ ಓರಗಿತ್ತಿ ಬಾಗಿಲು ದಾಟಿದಳು.