ಅರ್ಜಿದಾರರ ಅಕ್ಕ

ಅಯ್ಯೋ ಅಳಿಸು, ಅಳಿಸು! ಮೇಲ್‌ನ ‘ವಿಷಯ’ ಅನ್ನೋ ಜಾಗದಲ್ಲಿ ಬರೀ ‘ಕೆಲಸದ ಬಗ್ಗೆ’ ಅಂತ ಹಾಕಿದರೆ ಯಾರು ತೆರೆದು ನೋಡ್ತಾರೆ? ಹತ್ತು ವರ್ಷದಿಂದ ಶಾಲೆ ಆಫೀಸಲ್ಲಿ ಕೂತು ಮೇಷ್ಟ್ರುಗಳ ಅರ್ಜಿ ನೋಡಿದವಳು ಕಣೇ ನಿನ್ನಕ್ಕ. ‘ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ’, ಪಕ್ಕದಲ್ಲಿ ನಿನ್ನ ಹೆಸರು. ಮುಗೀತು.

ಯಾಕೆ ನಗ್ತಿದ್ದೀಯ? ...ನಗಲಿಲ್ವಾ? ನಕ್ಕ ಹಾಗೆ ಕಾಣ್ತು.

ಹೂಂ, ಬರಿ. ಮೊದಲನೇ ಸಾಲಲ್ಲೇ ನಿನಗೇನು ಬರುತ್ತೆ ಅಂತ ಹೇಳಿಬಿಡು. ‘ನಾನು ಶ್ರಮಜೀವಿ, ಪ್ರಾಮಾಣಿಕಳು...’ ಥೂ, ಅದನ್ನು ಕಳ್ಳನೂ ಬರೀತಾನೆ! ಟ್ರೈನಿಂಗಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ತೆಗೆದಿದ್ದೀಯ, ಮಗು ಎಷ್ಟೇ ಕೊಸರಾಡಿದರೂ ಒಂದೇ ಸಲಕ್ಕೆ ನಿನಗೆ ನರ ಸಿಗುತ್ತೆ, ಅದನ್ನು ಬರಿ. ಎಂಟು ಸಾಲು ಸಾಕು. ಜೊತೆಗೆ ಕಳಿಸೋ ಫೈಲಿಗೆ ‘ಹೊಸದು, ಕೊನೇದು, ಎರಡು’ ಅಂತ ಹೆಸರಿಡಬೇಡ ತಾಯಿ. ನಮ್ಮ ಹೆಡ್‌ಮಾಸ್ಟರು ಅಂಥದ್ದನ್ನು ನೋಡಿದರೆ ಅಲ್ಲೇ ಅಳಿಸಿ ಹಾಕ್ತಾರೆ.

ಬರಿಯೇ. ಕೈ ಯಾಕೆ ನಿಂತುಹೋಯ್ತು?

ಮೇಲೆ ಯಾರ ವಿಳಾಸ ಹಾಕಿದ್ದೀಯ? ಸ್ವಲ್ಪ ಈ ಕಡೆ ಸರಿ, ನೋಡೋಣ... ಇದಾ? ಆ ಗುಡ್ಡದ ಆಸ್ಪತ್ರೆ? ಅಲ್ಲಿಗೆ ಎರಡು ತಿಂಗಳ ಹಿಂದೆಯೇ ಕಳಿಸಿದ್ವಲ್ಲ. ಸಂದರ್ಶನ ಅಂತ ಅಷ್ಟು ದೂರ ಬಸ್ಸಲ್ಲಿ ಹೋಗಿಬಂದೆ, ಆಮೇಲೆ ಉಸಿರೇ ಇಲ್ಲ. ಬೇಡ ಅಂದವರ ಬಾಗಿಲನ್ನು ಮತ್ತೆ ತಟ್ಟೋದಾ? ಮಾನ ಮರ್ಯಾದೆ ಬೇಡ್ವಾ? ಬೇರೆ ಕಡೆ ಹಾಕೋಣ. ಇಲ್ಲೇ, ಬಸ್‌ಸ್ಟ್ಯಾಂಡ್ ಹಿಂದೆ ಆ ಸಣ್ಣ ಲ್ಯಾಬ್ ಇದೆಯಲ್ಲ, ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು...

ಏ, ಅದೇನು ತೆಗೀತಿದ್ದೀಯ? ಮೇಲ್‌ನ ಕಸದ ಬುಟ್ಟಿನಾ? ಅಲ್ಲೇನೂ ಇಲ್ಲ. ವಾರಕ್ಕೊಂದು ಸಲ ನಾನೇ ಖಾಲಿ ಮಾಡ್ತೀನಿ. ಹೌದು, ನಿನ್ನ ಮೇಲ್ ನನ್ನ ಫೋನಿಗೂ ಬರುತ್ತೆ! ಪಾಸ್‌ವರ್ಡ್ ಮೂರು ಮೂರು ಸಲ ಮರೆತು ಕೂತವಳು ನೀನು. ಯಾರಾದರೂ ನೋಡ್ಕೋಬೇಕಲ್ಲ. ಅದಕ್ಕೇ...

ಅದಿರಲಿ. ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಕೂತಿದ್ದೀಯಲ್ಲ, ಎಲ್ಲಿಗೆ ಹೊರಟೆ?

ಎಲ್ಲಿಗೆ ಅಂತ ಕೇಳಿದೆ.

ಬೆಳಿಗ್ಗೆ ಟೆರೇಸ್ ಮೇಲೆ ನಿಂತು ಫೋನಲ್ಲಿ ಮಾತಾಡ್ತಿದ್ದೆ. ಗೆಳತಿ ಅಂದೆ. ಗೆಳತಿ ಅಲ್ಲ, ಅಲ್ವಾ? ...ಆಸ್ಪತ್ರೆಗಾ? ನೀನೇ ಮಾಡಿದೆಯಾ? ಫೋನ್ ಯಾರು ತೆಗೆದರು, ಸಂದರ್ಶನ ಮಾಡಿದ ಆ ಮೇಡಮ್ಮಾ? ನಿನ್ನ ಹೆಸರು ಹೇಳಿದ್ದಕ್ಕೆ... ಏನಂದರು?

ಏನಂದರು?

ಹಾಗೆ ನೋಡಬೇಡ. ಬಯ್ಯಿ ಬೇಕಾದರೆ. ಹಾಗೆ ಮಾತ್ರ ನೋಡಬೇಡ.

ಸರಿ... ಸರಿ. ಇದಕ್ಕೆ ಮೊದಲು ಕೆಲಸ ಕೊಡ್ತೀವಿ ಅಂದ ಎರಡು ಕಡೆಗೂ ನಾನೇ ಬರೆದೆ. ನಿನ್ನ ಹೆಸರಲ್ಲೇ. ‘ಬೇರೆ ಕೆಲಸ ಸಿಕ್ಕಿದೆ, ಕ್ಷಮಿಸಿ’ ಅಂತ. ಅವರು ತೆಪ್ಪಗಾದರು. ಈ ಗುಡ್ಡದ ಆಸ್ಪತ್ರೆಯವರು ಬಿಡಲಿಲ್ಲ ಕಣೇ! ಹುಷಾರಿಲ್ಲ ಅಂದೆ. ನಿಧಾನವಾಗಿ ಬನ್ನಿ, ಕಾಯ್ತೀವಿ ಅಂದರು. ಮನೆಯಲ್ಲಿ ಅಕ್ಕ ಒಬ್ಬಳೇ ಆಗ್ತಾಳೆ ಅಂದೆ. ಕ್ವಾರ್ಟರ್ಸ್ ಇದೆ, ಅಕ್ಕನನ್ನೂ ಕರ್ಕೊಂಡು ಬನ್ನಿ ಅಂದರು. ಎರಡು ರೂಮು, ಕಿಟಕಿ ಆಚೆ ಗುಡ್ಡ. ಫೋಟೋ ಬೇರೆ ಕಳಿಸಿದ್ದರು.

ಹೌದು, ನನಗೂ ಜಾಗ ಇತ್ತು. ಗೊತ್ತು. ಆದರೆ ಅಲ್ಲಿ ನಾನು ನಿನ್ನ ಮನೆಯಲ್ಲಿ ಇರಬೇಕಾಗಿತ್ತು. ಇಲ್ಲಿ ನೀನು ನನ್ನ ಮನೆಯಲ್ಲಿದ್ದೀಯ.

ಅಮ್ಮ ಹೋದಾಗ ನಿನಗೆ ಏಳು. ಜಡೆ ಹೆಣೆದವಳು ನಾನು, ಜ್ವರ ಬಂದರೆ ಒದ್ದೆಬಟ್ಟೆ ಹಾಕಿದವಳು ನಾನು. ನನ್ನನ್ನು ನೋಡೋಕೆ ಬಂದ ಇಬ್ಬರು ಗಂಡುಗಳನ್ನು ವಾಪಸ್ ಕಳಿಸಿದೆ, ನಿನ್ನ ಪರೀಕ್ಷೆ ಇದೆ ಅಂತ! ಇಷ್ಟೆಲ್ಲ ಆದಮೇಲೆ ನೀನು ಒಂದು ಬ್ಯಾಗ್ ಹಿಡ್ಕೊಂಡು, ಹೋಗಿಬರ್ತೀನಿ ಅಕ್ಕಾ ಅಂದುಬಿಟ್ಟರೆ... ಈ ಮನೆಯಲ್ಲಿ ನಾನು ಯಾರಿಗೆ ಅಕ್ಕ?

ಆ ಮೇಡಮ್ ಹೆದರಿದರು, ಅಲ್ವಾ? ನಿನ್ನ ದನಿ ಕೇಳಿ ಹೆದರಿರಬೇಕು, ಪಾಪ.

...ಮೂರನೇ ಸಲ ಅವರು ಬರೆದಾಗ ನನಗೆ ಬೇರೆ ದಾರಿ ಕಾಣಲಿಲ್ಲ. ನನ್ನ ಮೇಲ್‌ನಿಂದ ಬರೆದೆ. ನಾನು ಅರ್ಜಿದಾರರ ಅಕ್ಕ, ನನ್ನ ತಂಗಿ ಕಳೆದ ಗುರುವಾರ ತೀರಿಕೊಂಡಳು, ಇನ್ನು ದಯವಿಟ್ಟು ಬರೆಯಬೇಡಿ ಅಂತ. ನೀನು ಆಗ ಟೆರೇಸ್ ಮೇಲೆ ಬಟ್ಟೆ ಒಣಗಿಸ್ತಾ ಏನೋ ಹಾಡ್ಕೋತಿದ್ದೆ, ಇಲ್ಲಿಯವರೆಗೂ ಕೇಳಿಸ್ತಿತ್ತು. ಆದರೂ ಬರೀತಾ ಬರೀತಾ ನನಗೆ ನಿಜವಾಗಿ ಅಳು ಬಂತು ಕಣೇ. ತಡೆಯೋಕೇ ಆಗಲಿಲ್ಲ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಎಷ್ಟು ಚೆನ್ನಾಗಿ ಸಂತಾಪ ಹೇಳಿದ್ದರು ಗೊತ್ತಾ, ಲ್ಯಾಬಿನವರೆಲ್ಲ ಒಂದು ನಿಮಿಷ ಎದ್ದು ನಿಂತಿದ್ದರಂತೆ ನಿನಗೋಸ್ಕರ... ಅದಕ್ಕೂ ನಾನು ಧನ್ಯವಾದ ಬರೆದೆ.