ಕನ್ನಡ ಸೆಕ್ಷನ್ನಿನ ಹದಿನೈದನೇ ಹುಡುಗಿ

ಇಲ್ಲವ್ವ, ನೀರು ಬ್ಯಾಡ, ಬಸ್ ಸ್ಟ್ಯಾಂಡಿನ್ಯಾಗ ಕುಡದು ಬಂದೀನಿ. ನೀ ಜ್ವಾಳ ಹಸನು ಮಾಡೂದು ನಿಲ್ಲಿಸಬ್ಯಾಡ. ಮಾಡ್ಕೋತನ ಕೇಳು. ಏಳು ವರ್ಷ ಆದಮ್ಯಾಲೆ ಈ ತುಳಸಿಬಾಯಿ ಟೀಚರು ಮನಿ ಹುಡುಕ್ಕೊಂಡು ಚಿಪ್ಪಗಿರಿ ತನಕ ಯಾಕ ಬಂದಾಳ ಅಂತ ಅನಕೊಂತಿರಬೇಕು ನೀನು...

ಈ ಫಾರಂ ನೋಡು, ರಾಮಲಕ್ಷ್ಮಿ. ಹತ್ತನೇದು ಪ್ರೈವೇಟಾಗಿ ಕಟ್ಟಬಹುದು. ನಿಂದು ಉಳದದ್ದು ಒಂದೇ, ಲೆಕ್ಕ. ಆದಿತ್ಯವಾರಕ್ಕೊಮ್ಮೆ ನಾನೇ ಬಂದು ಹೇಳಿಕೊಡ್ತೀನಿ. ಈಗ ನನಗ ಬರ್ತೈತಿ. ಯಾಕ ನಗ್ತಿ? ಖರೇನ, ಈಗ ಬರ್ತೈತಿ.

ಆಗ ಬರ್ತಿರಲಿಲ್ಲ. ನಾನು ಕನ್ನಡ ಹೇಳಾಕಿ, ಹುಡಿಗೇರಿಗೆ ಗೃಹವಿಜ್ಞಾನ. ಮೊದಲ ನಮ್ಮ ಆದವಾನಿ ಸಾಲ್ಯಾಗ ಹೆಣ್ಮಕ್ಕಳು ದೊಡ್ಡ ಲೆಕ್ಕ ಬಿಟ್ಟು ಅದನ್ನ ತಗೊಂಡೇ ಪಾಸಾಗ್ತಿದ್ರು. ನೀವು ಮ್ಯಾಲಿನ ಕ್ಲಾಸಿಗೆ ಬರೂ ಹೊತ್ತಿಗೆ ದಿಲ್ಲಿಯಿಂದ ಹೊಸ ಪಾಠಕ್ರಮ ಬಂತು. ದೇಶಕ್ಕೆಲ್ಲ ಒಂದೇ. ಹತ್ತರ ತನಕ ಎಲ್ಲಾರಿಗೂ ಲೆಕ್ಕ, ಎಲ್ಲಾರಿಗೂ ವಿಜ್ಞಾನ. ಒಳ್ಳೇದೇ ಅದು. ನಾನೂ ಖುಷಿಪಟ್ಟೆ. ಆದ್ರ ಈ ಆಂಧ್ರದ ಸಾಲ್ಯಾಗ ಅದನ್ನ ಕನ್ನಡದಾಗ ಹೇಳೋರು ಯಾರು? ಹೆಡ್ಮಾಸ್ತರು ನನ್ನ ಕರದು, "ಮೀ ಸೆಕ್ಷನೇ ಕದಮ್ಮಾ, ಮೀರೇ ಚೆಪ್ಪಂಡಿ" ಅಂದ್ರು. ನಿಮ್ಮ ಸೆಕ್ಷನ್, ನೀವೇ ಹೇಳ್ರಿ. ಅಷ್ಟೇ, ನಾನು ಲೆಕ್ಕದ ಟೀಚರಾದೆ.

ಸಂಕ್ರಾಂತಿ ದಾಟಿದ್ರೂ ಕನ್ನಡ ಪುಸ್ತಕ ಬರಲಿಲ್ಲ. ತೆಲುಗು ಪುಸ್ತಕ ಕೈಯಾಗ ಹಿಡಕೊಂಡು, ಬೋರ್ಡಿನ ಮ್ಯಾಲೆ ಕನ್ನಡ ಮಾಡಿ ಬರೀತಿದ್ದೆ. ಮೊದಲನೇ ಪಾಠದಾಗ 'ಸಮಿತುಲು' ಅಂತ ಇತ್ತು. ನಾನು 'ಸಮಿತಿಗಳು' ಅಂತ ಬರದೆ. ನೀ ಎದ್ದು ನಿಂತು, "ಪಂಚಾಯ್ತಿ ಸಮಿತಿ ಏನ್ರಿ ಟೀಚರ್?" ಅಂದಿ. ಎಲ್ಲಾರೂ ನಕ್ರು, ನಾನೂ ನಕ್ಕೆ. ಮನಿಗೆ ಹೋಗಿ ಅತ್ತೆ. ಅದಕ್ಕ ಕನ್ನಡ ಲೆಕ್ಕದಾಗ ಗಣ ಅಂತಾರ ಅಂತ ತಿಳಕೊಳ್ಳಾಕ ಎರಡು ತಿಂಗಳು ಹಿಡೀತು ನನಗ.

ನೀ ಒಬ್ಬಾಕಿ ಬಿಡದಂಗ ಕೇಳ್ತಿದ್ದಿ. ಯಾಕ್ರಿ, ಹೆಂಗ್ರಿ, ಇದು ಎಲ್ಲಿಂದ ಬಂತ್ರಿ... ತ್ರಿಕೋನಮಿತಿ ಬಂದಾಗ ನಾನು "ಇದು ಪರೀಕ್ಷಾಕ್ಕ ಬರಂಗಿಲ್ಲ" ಅಂದು ಹಾಳಿ ತಿರುವಿದೆ. ತಪಾಸಣಿಗೆ ಬಂದವರಿಗೆ, ಪಾಠ ಎಲ್ಲಾ ಮುಗದಾವು ಅಂತ ಬರದು ಸಹಿ ಮಾಡಿ ತೋರಿಸಿದೆ. ಹೌದು, ತಪ್ಪು. ಅದನ್ನ ಒಪ್ಕೊಳ್ಳಾಕನ ಬಂದೀನಿ.

ಲೆಕ್ಕದಾಗ ಇಪ್ಪತ್ತೊಂಬತ್ತು ಬಂತು ನಿನಗ. ಮೂವತ್ತೈದಕ್ಕ ಪಾಸು. ಉಳದ ಎಲ್ಲಾದ್ರಾಗ ನೀನೇ ಮುಂದ. ನಿಮ್ಮಪ್ಪ ಮಾರೆಣ್ಣ ಮಾರ್ಕ್ಸಿನ ಚೀಟಿ ಹಿಡಕೊಂಡು ಬಂದು, "ನಮ್ಮ ಹುಡುಗಿಗೆ ತಲಿ ಇಲ್ಲೇನ್ರಿ ಟೀಚರಮ್ಮ?" ಅಂತ ಕೇಳಿದ. ಪೇಪರ್ ಕಷ್ಟ ಇತ್ತಣ್ಣ ಅಂದೆ. ಮುಂದಿನ ತಿಂಗಳೇ ನಿನ್ನ ಮದುವಿ ಮಾಡಿದ. ನರ್ಸ್ ಟ್ರೈನಿಂಗಿಗೆ ಹೋಗ್ತೀನಂತಿದ್ದಿ ನೀನು.

ಆದ್ರ ನಾ ಕೈ ಕಟ್ಟಿ ಕುಂತಿರಲಿಲ್ಲವ್ವ. ಪರೀಕ್ಷಾಕ್ಕ ಮೊದಲ ನೀ ಬಂದು, "ಲೆಕ್ಕದ ಪಾಠಕ್ಕ ತೆಲುಗು ಸೆಕ್ಷನ್ನಿಗೆ ಹೋಗಿ ಕುಂದ್ರಲೇನ್ರಿ, ವೆಂಕಟೇಶ ಮಾಸ್ತರು ಚಲೋ ಹೇಳ್ತಾರಂತ" ಅಂತ ಕೇಳಿದಿ ನೋಡು, ಅವತ್ತೇ ಹೋಗಿ ಆ ಮಾಸ್ತರನ್ನ ಕೇಳಿದೆ ನಾನು. ಅವರು ಒಪ್ಪಲಿಲ್ಲ. ಕನ್ನಡ ಹುಡುಗ್ರು ನನ್ನ ಕ್ಲಾಸಿಗೆ ಬ್ಯಾಡ ಅಂದ್ರು. ಒಪ್ಪದವರಿಗೆ ನಾ ಏನು ಮಾಡಲಿ...

ಯಾಕ ಕೈ ನಿಲ್ಲಿಸಿದಿ?

ಅಲ್ಲ, ಅವರು ಕೆಟ್ಟವರು ಅಂತ ನಾ ಅನ್ನಾಕತ್ತಿಲ್ಲ. ವರ್ಗಾ ಆಗಿ ಈಗ ಪತ್ತಿಕೊಂಡದಾಗ ಅದಾರಂತ... ಹಂಗ ನೋಡಬ್ಯಾಡ ನನ್ನ. ನೀನೂ ಅಲ್ಲಿ ಸಂತಿಗೆ ಹೋಗ್ತಿಯೇನು? ಸಿಕ್ಕಿದ್ರೇನು ನಿನಗ? ಮಾತಾಡಿದ್ರೇನು?

ಹೌದಂತ ತಲಿ ಹಾಕ್ತಿ.

ಸಿಕ್ಕಾರ. ಹೇಳ್ಯಾರ. ಎಲ್ಲಾ ಗೊತ್ತಿದ್ದೂ ನನಗ ಚಾಪಿ ಹಾಸಿ ಕುಂದ್ರಿಸಿದಿ ನೀನು...

ಅವರು ಬ್ಯಾಡ ಅನ್ನಲಿಲ್ಲ. ಹೆಡ್ಮಾಸ್ತರ ಮುಂದನ ಅಂದ್ರು, ಆ ಹುಡುಗಿನ್ನ ಕಳಸ್ರಿ, ನಾ ನೋಡ್ಕೊಂತೀನಿ ಅಂತ. ಹೆಡ್ಮಾಸ್ತರು, ಹಂಗಾದ್ರ ಆಕಿ ಹೆಸರೂ ತೆಲುಗು ಸೆಕ್ಷನ್ನಿಗೇ ಹಾಕೋಣ ಅಂದ್ರು. ನೀವಿದ್ದದ್ದೇ ಹದಿನೈದು ಮಂದಿ. ಹದಿನಾಕು ಆದ್ರ ಸೆಕ್ಷನ್ ಮುಚ್ಚತಾರ, ನನ್ನ ಎಲ್ಲಿಗೋ ಒಗೀತಾರ, ಇಲ್ಲಾ ಮನಿಗೇ ಕಳಸ್ತಾರ. ಕನ್ನಡ ಉಳೀಬೇಕು ಅಂತ ನನಗ ನಾನೇ ಹೇಳ್ಕೊಂಡೆ. ಕನ್ನಡ ಅಲ್ಲವ್ವ. ನನ್ನ ನೌಕರಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನೇ ಇದ್ದೆ.

"ಆಕಿನೇ ಒಲ್ಲೆ ಅಂತಾಳ್ರಿ, ತೆಲುಗು ತಿಳಿಯಂಗಿಲ್ಲಂತ ಅಳ್ತಾಳ" ಅಂದೆ. ನಿನ್ನ ಹೆಸರಿಲೆ ಅಂದೆ. ನೀನು ಬಾಗಲ ಹೊರಗ ನಿಂತಿದ್ದಿ, ನೋಟ್ಸು ಎದಿಗೆ ಹಿಡಕೊಂಡು. ನಾ ಹೊರಗ ಬಂದು ನಿನ್ನ ತಲಿ ಸವರಿ, ಅವರು ಒಪ್ಪಲಿಲ್ಲವ್ವ ಅಂದೆ.

ನೀ ಅಳಲಿಲ್ಲ. "ಇರಲಿ ಬಿಡ್ರಿ ಟೀಚರ್, ನೀವಾರ ನನ್ನ ಸಲುವಾಗಿ ಕೇಳಿದ್ರಲ್ಲ" ಅಂದಿ.