ದ್ರೌಪದಿಬಾಯಿಗೆ ಸುಣ್ಣ ಕೊಡದವರು

ಆಳಂದ ತಾಲೂಕಿನ ಭವಿಷ್ಯಕ್ಕೆ ಸಂಬಂಧಿಸಿದ ಒಂದು ಗಂಭೀರ ಪ್ರಶ್ನೆ ಆ ಭಾನುವಾರ ಇತ್ಯರ್ಥವಾಗಬೇಕಿತ್ತು: ದಿವಂಗತ ತಮೋಹರರ ದೆವ್ವದ ಕಾದಂಬರಿಗಳಲ್ಲಿ ಅತಿ ಶ್ರೇಷ್ಠವಾದದ್ದು ಯಾವುದು?

ಕತ್ತಲೆ ಕಳೆಯುವವನು ಎಂದು ಹೆಸರಿಟ್ಟುಕೊಂಡು ಜೀವಮಾನವಿಡೀ ಕತ್ತಲೆ ಮಾರಿದ ಆ ಲೇಖಕರು ಹೋದ ವರ್ಷ ತೀರಿಕೊಂಡಿದ್ದರು. ಗೆದ್ದ ಕಾದಂಬರಿಯನ್ನು ನಮ್ಮ ಬಳಗದ ಕಿರಿಯಳಾದ ತಸ್ಲೀಮ ಓದಿ, ಕಂತುಕಂತಾಗಿ ಯೂಟ್ಯೂಬಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಹುಡುಗಿಯ ದನಿ ಒಳ್ಳೆಯದು. ಹಳ್ಳಿಹಳ್ಳಿಗಳಲ್ಲಿ ರೊಟ್ಟಿ ತಟ್ಟುತ್ತ ಅವಳ ಕತೆ ಕೇಳುವವರಿದ್ದಾರೆ.

ನಾವು ಸೇರುವುದು ಕಾಳಿನ ದಲಾಲಿ ಗುರುಪಾದನ ಅಡತಿ ಅಂಗಡಿಯಲ್ಲಿ. ತೊಗರಿಯ ಸುಗ್ಗಿ ಬರುವವರೆಗೆ ಅಲ್ಲಿ ಇಲಿಗಳಿಗೂ ಕೆಲಸವಿರುವುದಿಲ್ಲ. ಹೊರಗೆ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಗುರುಪಾದ ‘ಹಾಳುಬಾವಿಯ ಹಗ್ಗ’ದ ಪರ. ಟೇಲರ್ ಚಾಂದಪಾಶಾ ‘ಬೀಗ ಹಾಕಿದ ಉಸಿರು’ ಬಿಟ್ಟು ಕದಲುವವನಲ್ಲ.

"ನಿನ್ನ ಹಗ್ಗದಾಗ ಏನದಲೇ? ದೆವ್ವ ಬರೋದ ನೂರನೇ ಪುಟಕ್ಕ. ಅಲ್ಲೀತನಕ ಬರೇ ಚಾ ಕುಡೀತಾರ."

"ಅದು ವಾತಾವರಣಲೇ, ವಾತಾವರಣ!"

"ವಾತಾವರಣ ಬೇಕಂದ್ರ ಹೊರಗ ನೋಡು. ಪುಕ್ಕಟೆ ಸುರಿಯಾಕತ್ತದ."

ನಾನು ‘ಸುಣ್ಣ ಕೇಳಿದವಳು’ ಎಂದೆ. ಇಬ್ಬರೂ ಜಗಳ ಬಿಟ್ಟು ನನ್ನ ಕಡೆ ತಿರುಗಿದರು. ಅಂದರೆ ಅದರ ಯೋಗ್ಯತೆ ಅವರಿಗೂ ಗೊತ್ತಿತ್ತು.

"ಅದೊಂದು ಬ್ಯಾಡ್ರಿ," ಎಂದರು ಬದರುನ್ನಿಸಾ ಅಕ್ಕೋರು. ಹತ್ತಿರದ ಸರಸಂಬಾ ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದು ಅಲ್ಲೇ ಮುದುಕಿಯಾದವರು. ನಮ್ಮ ಪೈಕಿ ಅವರಷ್ಟು ದೆವ್ವಗಳನ್ನು ಓದಿದವರಿಲ್ಲ. "ಅದು ಮತ್ತ ಎದ್ರ ಆಕಿಗಿ ತ್ರಾಸ ಆಗ್ತದ."

"ಯಾರಿಗ್ರಿ ಅಕ್ಕೋರ?"

"ಅದರಾಗಿನ ದೆವ್ವಕ್ಕ."

"ದೆವ್ವಕ್ಕ ತ್ರಾಸ? ಅದಕ್ಕೇನು ಬಿ.ಪಿ. ಅದೇನ್ರಿ?" ಎಂದು ಗುರುಪಾದ ನಕ್ಕ. ಅಕ್ಕೋರು ನಗಲಿಲ್ಲ. ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಶುರುಮಾಡಿದರು.

"ಕೇಳ್ರಿ ಹಂಗಾದ್ರ... ಆ ತಮೋಹರ ಸರಸಂಬಾಕ್ಕ ಕಾಲs ಇಟ್ಟಿಲ್ಲ. ಒಂದ್ ಸಂಜೀಕ ಆಳಂದ ಬಸ್‌ಸ್ಟ್ಯಾಂಡಿನಾಗ, ಇಂಥಾದೇ ಮಳ್ಯಾಗ ಸಿಕ್ಕೊಂಡು ಕುಂತಿದ್ನಂತ. ಅಲ್ಲಿಗಿ ನಮ್ಮೂರ ದ್ರೌಪದಿಬಾಯಿ ಬಂದಳು... ಎತ್ತರದಾಕಿ, ಬಾಗಿಲಾಗ ತಲಿ ಬಗ್ಗಿಸಿ ಬರ್ಬೇಕು ಅಂಥಾಕಿ, ಒಗದು ಒಗದು ಬಣ್ಣ ಹೋಗಿ ಬೆಳ್ಳಗಾದ ಸೀರಿ, ಬಗಲಾಗ ಎಲಿ ಅಡಿಕಿ ಚಂಚಿ. ಈತನ ಮಗ್ಗಲಿಗಿ ನಿಂತು, ‘ಅಣ್ಣಾ, ಜರಾ ಸುಣ್ಣ ಇದ್ರ ಕೊಡ್ರಿ’ ಅಂದಳು. ಹೊತ್ತು ಮುಣಗಿದ ಮ್ಯಾಲ ಹೆಣ್ಣದೆವ್ವ ಸುಣ್ಣ ಕೇಳ್ತದ, ಕೊಟ್ರ ಬೆನ್ನ ಹತ್ತತದ ಅಂತ ನಮ್ಮಲ್ಲಿ ಕೂಸಿಗೂ ಗೊತ್ತದ, ಹೌದಿಲ್ಲೋ? ಆ ಮನಷ್ಯಾ ಸುಣ್ಣ ಕೊಡ್ಲಿಲ್ಲ. ‘ಯಾ ಊರು?’ ಅಂದ. ‘ಸರಸಂಬಾ’ ಅಂದಳು. ಮುಗೀತು... ಅಷ್ಟ ಮಾತಿಗಿ ಅಷ್ಟ ದಪ್ಪ ಪುಸ್ತಕ!

"ಮೊದಲ ಅದು ವಾರಪತ್ರಿಕಿಯಾಗ ಬರ್ತಿತ್ತು. ಗಿರಣಿ ಮುಂದ, ಹಿಟ್ಟಿನ ಪಾಳಿ ಹಚ್ಚಿದವರಿಗೆಲ್ಲ ಗಿರಣಿ ನಡಸಾವ ಮಾಳಿಂಗ ಓದಿ ಹೇಳಾವ. ಎತ್ತರದಾಕಿ, ಸುಣ್ಣ ಕೇಳಾಕಿ, ಸರಸಂಬಾದಾಕಿ... ಇನ್ಯಾರು ಇರ್ತಾರ? ಮಂದಿ ನಕ್ಕರು. ಆಕೀನೂ ನಕ್ಕಳು. ತಲಿಮ್ಯಾಗಿನ ಜ್ವಾಳದ ಡಬ್ಬಿ ಇಳಿಸಿ, ‘ಏ ಮಾಳಿಂಗ, ಈ ವಾರ ನಾ ಏನ್ ಮಾಡೀನೋ?’ ಅಂತ ಕೇಳಾಕಿ. ‘ಗೌಡನ ಮಗನ್ನ ನುಂಗೀದಿ ಬೇ’ ಅಂದ್ರ, ‘ಹಂಗs ನುಂಗಿದ್ನ್ಯಾ, ಚಟ್ನಿ ಹಚ್ಚಿಕೊಂಡ್ನ್ಯಾ?’ ಅಂತಿದ್ಳು.

"ಆಮ್ಯಾಲ ಒಂದ್ ವಾರದ ಕತಿಯಾಗ ಬಾಣಂತಿ ಮಗ್ಗಲದಾಗಿನ ಕೂಸ ಸತ್ತತು. ಅದೇ ವಾರ ನಮ್ಮೂರಾಗೂ ಒಂದ್ ಕೂಸ ಹೋತು. ಜ್ವರ ಬಂದು ಹೋತ್ರಿ... ಖರೇ ಹೇಳ್ತೇನಿ, ಜ್ವರ ಬಂದು. ಆದ್ರ ಕೇಳಾವ್ರು ಯಾರು? ಮರುದಿನ ಕಿರಾಣಿ ಅಂಗಡ್ಯಾವ ಆಕಿಗಿ ಎಲಿ ಕೊಟ್ಟ, ಅಡಿಕಿ ಕೊಟ್ಟ... ಸುಣ್ಣ ಕೊಡ್ಲಿಲ್ಲ. ಬೋರಿಂಗಿಗಿ ಹೋದ್ರ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಸರದ್ರು. ಆಕಿ ಏನ್ ಮಾಡ್ಬೇಕು? ಯಾರೂ ಇರಲಾರದ ಹೊತ್ತಿಗಿ, ದೀಪ ಹಚ್ಚೋ ಹೊತ್ತಿಗಿ ನೀರಿಗಿ ಬರಾಕತ್ತಳು. ಕತಿಯಾಗ ದೆವ್ವ ನೀರಿಗಿ ಬರೋದು ಯಾವಾಗ? ದೀಪ ಹಚ್ಚೋ ಹೊತ್ತಿಗೇ! ‘ನೋಡ್ರಿ, ಬರದಾಂಗ ಆತು’ ಅಂದ್ರು ಮಂದಿ. ಕತಿಯಾಗ ಹೆಸರ ಹಿಡದು ಕರದ್ರ ದೆವ್ವ ತಿರುಗಿ ನೋಡಂಗಿಲ್ಲ. ಹಂಗಂತ ಊರಾಗ ಆಕಿ ಹೆಸರ ಹಿಡದು ಕರಿಯೋದs ಬಿಟ್ರು... ವರ್ಷಗಟ್ಟಲೆ ಬಿಟ್ರು. ಒಂದಿನ ಹಾದಿಯಾಗ ಹಿಂದಿನಿಂದ ನಾ ಕರದೆ, ‘ದ್ರೌಪದೀ’ ಅಂತ. ತಿರುಗಲಿಲ್ಲ. ಮತ್ತ ಕರದೆ. ಹಂಗs ನಡದಳು. ಸಿಟ್ಟಲ್ರೀ ಅದು... ಮರತಿದ್ಳು. ಆ ಹೆಸರ ತನ್ನದು ಅನ್ನೋದs ಮರತಿದ್ಳು."

ಚಾಂದಪಾಶಾ ತೂಗಾಡುತ್ತಿದ್ದ ಕಾಲುಗಳನ್ನು ತಾನು ಕೂತಿದ್ದ ಚೀಲದ ಮೇಲೆ ಎಳೆದುಕೊಂಡ. ನನಗೆ ಆಗ ಮೊದಲು ಹೊಳೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ: ಇದು ಪುಸ್ತಕಕ್ಕಿಂತ ಚೆನ್ನಾಗಿದೆಯಲ್ಲ!

"ಸತ್ತ ಮ್ಯಾಲರೆ ಬಿಟ್ರೇನ್ರಿ, ಮಂದಿ?" ಎಂದಳು ತಸ್ಲೀಮ, ಪಿಸುದನಿಯಲ್ಲಿ.

"ಯಾರು ಸತ್ರು?" ಅಕ್ಕೋರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಆಕಿ ಅದಾಳ. ಈಗ ನಳ ಮನಿ ಮುಂದs ಬಂದದ, ಆದ್ರೂ ನಿನ್ನಿ ದೀಪ ಹಚ್ಚೋ ಹೊತ್ತಿಗಿ ಕೊಡ ಹೊತ್ತಕೊಂಡು ಬೋರಿಂಗಿಗಿ ಬಂದಿದ್ಳು... ನಾ ನೋಡೇನಿ. ಪುಸ್ತಕ ಅಂಗಡ್ಯಾಗ ಸಿಗಲಾರದಂಗಾತು, ಓದಿದವರು ಮುದುಕರಾದ್ರು. ಈಗೀಗ ಹೊಸ ಸೊಸಿಯಂದಿರು ‘ಆಯೀ’ ಅಂತ ಮಾತಾಡಸಾಕತ್ತಾರ. ಮೊನ್ನಿ ಒಬ್ಬಾಕಿ ಕೂಸಿನ ತೊಟ್ಟಲಾ ತೂಗಾಕ ಕರದಿದ್ಳು. ಎಷ್ಟ ಹೊತ್ತು ತೂಗಿದ್ಳಂತೀರಿ... ಕೂಸ ಮಲಗಿದ್ರೂ ಹಗ್ಗ ಬಿಡವಲ್ಲಳು. ಆ ಸೊಸಿಯಂದಿರೇ ನಿಮ್ಮ ತಸ್ಲೀಮನ ಕತಿ ಕೇಳಾವ್ರು. ಬ್ಯಾರೆ ಯಾವುದರೆ ಹಾಕ್ರಿ. ಹಗ್ಗ ಹಾಕ್ರಿ, ಬೀಗ ಹಾಕ್ರಿ. ಇದೊಂದು ಬ್ಯಾಡ."

ತಗಡಿನ ಮೇಲೆ ಮಳೆ ಸದ್ದು ಮಾಡುತ್ತಿತ್ತು. ನಮಗೆಲ್ಲರಿಗೂ ನಿಜವಾಗಿಯೇ ಕೆಟ್ಟದೆನಿಸಿತು. ಇದನ್ನು ಬರೆದಿಡುವುದು ನ್ಯಾಯ. ಪಶ್ಚಾತ್ತಾಪಕ್ಕೂ ಚಹಾ ಬೇಕಾಗುವುದರಿಂದ ಇನ್ನೊಂದು ಸುತ್ತು ಬಂತು. ಅದು ಮುಗಿಯುವ ಮೊದಲೇ ಗುರುಪಾದ ಗಂಟಲು ಸರಿಮಾಡಿಕೊಂಡ.

"ಪಾಪ ಅನಸ್ತದ್ರಿ ಅಕ್ಕೋರ. ಆದ್ರ ಕತಿ ಅಂದ್ರ ಇದs ನೋಡ್ರಿ. ನನ್ನ ಹಗ್ಗ ನಾ ವಾಪಸ್ ತಗೋತೀನಿ."

ಚಾಂದಪಾಶಾ ತನ್ನ ಬೀಗದ ಪರ ವಾದಿಸುವುದನ್ನು ಬಿಟ್ಟಿದ್ದ. ಲೋಟದ ತಳ ನೋಡುತ್ತ, "ಅಕ್ಕೋರ ಮಾತೂ ಖರೇ ಅದ," ಎಂದ. ಆ ‘ಊ’ಕಾರದಲ್ಲೇ ಅವನ ಓಟು ಎತ್ತ ಬಿತ್ತೆಂದು ತಿಳಿಯಿತು.

ಆಗ ಎಲ್ಲರಿಗೂ ಹಾದಿ ತೋರಿಸಿದವನು ನಾನು. ಓದಿಕೊಂಡವನು ಬೇರೆ. "ಊರಿನ ಹೆಸರು ಬದಲಿಸಿದರಾಯಿತು. ಸರಸಂಬಾ ಅನ್ನೋದೇ ಇರದಿದ್ದರೆ ದ್ರೌಪದಿಬಾಯಿಗೆ ಏನು ತೊಂದರೆ?" ಎಂದೆ. ಅಂಗಡಿಯ ತುಂಬ ಒಂದು ನಿಟ್ಟುಸಿರು ಹರಿದಾಡಿತು. ತಸ್ಲೀಮ ನನ್ನನ್ನು ಮೆಚ್ಚುಗೆಯಿಂದ ನೋಡಿದಳು.

"ಯಾ ಊರು ಹಾಕ್ತೀರಿ?" ಎಂದರು ಅಕ್ಕೋರು.

"ಯಾವುದಾದರೂ."

"ಎತ್ತರದ ಹೆಂಗಸು ಇರಲಾರದ ಊರು ಯಾವುದದ... ಹೇಳ್ರಿ. ಎಲಿ ಅಡಿಕಿ ತಿನ್ನಾಕಿ ಒಬ್ಬಾಕಿನೂ ಇರಲಾರದ ಊರು?"

ಗುರುಪಾದ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದ. ಅಕ್ಕೋರು ಮಳೆ ನಿಲ್ಲುವುದನ್ನು ಕಾಯದೆ ಛತ್ರಿ ಬಿಚ್ಚಿ ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದರು. ಅವರು ತಿರುವು ದಾಟುವವರೆಗೆ ನಾವು ಮತಕ್ಕೆ ಹಾಕಲಿಲ್ಲ. ಅಷ್ಟು ಮರ್ಯಾದೆ ನಮ್ಮಲ್ಲಿತ್ತು. ಆಮೇಲೆ ಕೈಗಳು ಎದ್ದವು. ಮೊದಲನೆಯದು ನನ್ನದು.

‘ಸುಣ್ಣ ಕೇಳಿದವಳು’ ಸರ್ವಾನುಮತದಿಂದ ಗೆದ್ದಿತು. ಸರಸಂಬಾ ಎಂದಿದ್ದಲ್ಲೆಲ್ಲ ತಸ್ಲೀಮ ಅದೇ ತಾಲೂಕಿನ ನರೋಣಾದ ಹೆಸರು ಓದಿದಳು.